ಕೆಮ್ಮಿನ ಕೆಳಗಿನ ಅಕ್ಷರ

ಕಂಡುಕೊಂಡೆವು ಎಂದೇ ಅಂದರು. ಅವಳು ಕಿವಿಯಾರೆ ಕೇಳಿದ್ದಳು, ಅದರಲ್ಲಿ ಅನುಮಾನಕ್ಕೆ ಜಾಗವೇ ಇರಲಿಲ್ಲ. ‘ಕೇಳುವವರ ಮಿದುಳು ಮಾತಿಗಾಗಿ ಕಾಯುತ್ತ ಕೂರುವುದಿಲ್ಲ, ಮುಂದೆ ಓಡಿ ಮಾತನ್ನು ತಾನೇ ಮುಗಿಸಿಬಿಡುತ್ತದೆ. ಇದನ್ನು ಇದೇ ಕಟ್ಟಡದ ನೆಲಮಾಳಿಗೆಯ ಒಂದು ಪುಟ್ಟ ಕೋಣೆಯಲ್ಲಿ ಕಂಡುಕೊಂಡೆವು’ ಎಂದು ಮೇಷ್ಟ್ರು ಹೇಳಿದಾಗ ಅವಳು ಪಕ್ಕದಲ್ಲಿ ಕೂತಿದ್ದ ತಂಗಿಯ ಕೈಯನ್ನು ಹಿಡಿದು ಅಮುಕಿದ್ದಳು. ಕಣ್ಣು ತುಂಬಿಬಂದಿತ್ತು. ಥೂ, ಈ ವಯಸ್ಸಿನಲ್ಲಿ ಇದೇನು ಎಂದು ಕನ್ನಡಕ ಒರೆಸುವ ನೆಪ ಮಾಡಿಕೊಂಡಿದ್ದಳು. ಸಭಾಂಗಣದ ಮುಂದಿನ ಸಾಲಿನಿಂದ ‘ಇದು ಗಣ್ಯರಿಗೆ’ ಎಂದು ಎಬ್ಬಿಸಿ ಹಿಂದೆ ಕಳಿಸಿದ್ದು, ಕಾರ್ಯಕ್ರಮ ಶುರುವಾಗುವ ಮುಂಚೆ ಯಾರೋ ಬಂದು ‘ಮೇಡಂ, ನೀವು ಸೌಂಡಿನವರಲ್ವಾ, ಸ್ವಲ್ಪ ಮೈಕು ನೋಡಿ’ ಎಂದದ್ದು, ಅವಳು ಎದ್ದು ಹೋಗಿ ನಿಜವಾಗಿಯೂ ಮೈಕು ನೋಡಿದ್ದು, ಎಲ್ಲವೂ ಆ ಒಂದು ಪದದ ಮುಂದೆ ಸಣ್ಣವಾಗಿಬಿಟ್ಟಿದ್ದವು. ಹೋದ ವಾರವಷ್ಟೇ ಮೇಷ್ಟ್ರು ಬಾಗಿಲಲ್ಲಿ ನಿಂತು ಮಾತು ಕೊಟ್ಟಿದ್ದರು. ‘ಈ ಸಲ ವೇದಿಕೆ ಮೇಲೆ ಹೇಳ್ತೀನಮ್ಮ. ನಾವಿಬ್ರೂ ಮಾಡಿದ್ದು ಅಂತ. ಪ್ರಶಸ್ತಿ ನನ್ನ ಕೈಗೆ ಬರ್ತಿದೆ, ಆದ್ರೆ ಅರ್ಧ ನಿಂದೇ.’ ಆ ಮಾತನ್ನು ನಂಬಿ ಅವಳು ಟೀಚರಾದ ತಂಗಿಯಿಂದ ಶಾಲೆಗೆ ರಜೆ ಹಾಕಿಸಿ ಕರೆತಂದಿದ್ದಳು.

ಈಗ ಕ್ಯಾಂಟೀನಿನ ಮೂಲೆಯ ಮೇಜಿನಲ್ಲಿ ತಂಗಿ ಚಹಾವನ್ನು ಮುಟ್ಟದೆ ಕೂತಿದ್ದಾಳೆ. ಮೂಗಿನ ತುದಿ ಕೆಂಪಾಗಿದೆ. ಚಿಕ್ಕಂದಿನಿಂದಲೂ ಅಷ್ಟೆ, ಇವಳಿಗೆ ಸಿಟ್ಟು ಬಂದರೆ ಮೊದಲು ಮೂಗಿಗೆ ಗೊತ್ತಾಗುತ್ತದೆ.

‘ಏನಾಯ್ತೇ?’ ಎಂದಳು ಅವಳು.

‘ಏನಾಯ್ತಾ? ನನ್ನ ಕೇಳ್ತೀಯಾ? ಅಷ್ಟು ಜನರ ಮುಂದೆ ನಿನಗೆ ಟೋಪಿ ಹಾಕಿ ಇಳಿದು ಹೋದ್ರು, ನೀನು ನೋಡಿದ್ರೆ ಹಬ್ಬ ಮಾಡ್ತಿದೀಯ.’

‘ಯಾರು ಟೋಪಿ ಹಾಕಿದ್ದು?’

‘ಇನ್ಯಾರು, ನಿನ್ನ ಮೇಷ್ಟ್ರು. ಕಂಡುಕೊಂಡೆ ಅಂದ್ರಲ್ಲ. ಕಂಡುಕೊಂಡೆ! ಇವರೊಬ್ರೇ ಕೂತು ಕಂಡುಕೊಂಡ್ರಂತೆ. ನೀನೇನು ಅಲ್ಲಿ ಕಸ ಗುಡಿಸ್ತಿದ್ಯಾ?’

ಅವಳಿಗೆ ನಗು ಬಂತು. ಪಾಪ, ಇವಳಿಗೆ ಮೊದಲಿನಿಂದಲೂ ಮೇಷ್ಟ್ರನ್ನು ಕಂಡರೆ ಆಗುವುದಿಲ್ಲ. ‘ಕಂಡುಕೊಂಡೆವು ಅಂದ್ರು ಕಣೆ. ಸರಿಯಾಗಿ ಕೇಳಿಸ್ಕೋ.’

‘ಇಲ್ಲ.’

‘ಅಯ್ಯೋ, ನಾನು ಕೇಳಿದೀನಿ.’

‘ನಾನೂ ಕಿವಿ ಇಟ್ಕೊಂಡೇ ಕೂತಿದ್ದೆ. ಕಂಡುಕೊಂಡೆ ಅಂದ್ರು, ಆಮೇಲೆ ಕೆಮ್ಮಿದ್ರು.’

ಕೆಮ್ಮಿದರೇ? ಹೌದು, ಏನೋ ಸ್ವಲ್ಪ ಗಂಟಲು ಕಟ್ಟಿದ ಹಾಗಾಯಿತು, ವಯಸ್ಸಾಯಿತಲ್ಲ, ಅಷ್ಟು ಹೊತ್ತು ನಿಂತು ಮಾತಾಡಿದರೆ ಯಾರಿಗಾದರೂ ಗಂಟಲು ಒಣಗುತ್ತದೆ. ಅವಳು ಲೋಟ ಎತ್ತಿ ಒಂದು ಗುಟುಕು ಕುಡಿದಳು. ಚಹಾ ಆರಿತ್ತು. ಆದರೆ ಕೆಮ್ಮು ಎಂಬ ಪದವನ್ನು ಹಗುರವಾಗಿ ಕೇಳಿಸಿಕೊಳ್ಳುವುದು ಈ ಜಗತ್ತಿನಲ್ಲಿ ಯಾರಿಗೆ ಸಾಧ್ಯವಾದರೂ ಅವಳಿಗೆ ಸಾಧ್ಯವಿರಲಿಲ್ಲ. ಅವಳು ಇಡೀ ವಿಭಾಗಕ್ಕೆ ಕೆಮ್ಮಕ್ಕ. ಎದುರಿಗೆ ಮೇಡಂ, ಹಿಂದೆ ಕೆಮ್ಮಕ್ಕ. ಸಂಶೋಧನೆಗೆ ಸೇರಿದ ಹುಡುಗಿಯರು ಮೊದಲ ವಾರದಲ್ಲೇ ಆ ಹೆಸರು ಕಲಿಯುತ್ತಾರೆ, ಎರಡನೆಯ ವಾರದಲ್ಲಿ ಬಾಯಿ ತಪ್ಪಿ ಎದುರಿಗೇ ಕರೆದು ನಾಲಗೆ ಕಚ್ಚಿಕೊಳ್ಳುತ್ತಾರೆ. ಅವಳು ಬೇಜಾರು ಮಾಡಿಕೊಂಡವಳಲ್ಲ. ಕೆಮ್ಮಿನಿಂದಲೇ ಅನ್ನ ಹುಟ್ಟಿತು ಎಂದು ತಾನೇ ತಮಾಷೆ ಮಾಡುತ್ತಿದ್ದಳು. ಕೆಲಸವೇ ಅಂಥದ್ದು: ಮೇಷ್ಟ್ರು ತಮ್ಮ ಗಂಭೀರವಾದ ದನಿಯಲ್ಲಿ ವಾಕ್ಯಗಳನ್ನು ಹೇಳುವುದು, ಅವಳು ಅದನ್ನು ಧ್ವನಿಮುದ್ರಿಸಿಕೊಂಡು, ಒಂದು ಪದದ ನಡುವಿನ ಒಂದು ಅಕ್ಷರವನ್ನು ಕತ್ತರಿಸಿ ತೆಗೆದು, ಆ ಜಾಗದಲ್ಲಿ ಒಂದು ಕೆಮ್ಮನ್ನು ಕೂರಿಸುವುದು. ಆಮೇಲೆ ಜನರನ್ನು ಕರೆದು, ತಲೆಗೆ ಬಲೆಯಂಥ ಟೋಪಿ ತೊಡಿಸಿ, ಮಿದುಳಿನ ಅಲೆ ಅಳೆಯುವ ತಂತಿಗಳನ್ನು ಅಂಟಿಸಿ ಕೇಳಿಸುವುದು. ಯಾರಿಗೂ ಆ ಅಕ್ಷರ ಹೋಗಿದೆ ಎಂದು ತಿಳಿಯುತ್ತಿರಲಿಲ್ಲ. ‘ಪೂರ್ತಿ ಕೇಳಿಸ್ತು ಮೇಡಂ, ಯಾರೋ ಹಿಂದಿನಿಂದ ಕೆಮ್ಮಿದ್ರು ಅಷ್ಟೇ’ ಎನ್ನುತ್ತಿದ್ದರು. ಇಲ್ಲದ ಅಕ್ಷರವನ್ನು ಮಿದುಳು ತುಂಬಿಕೊಂಡು, ಕಿವಿಯೇ ಕೇಳಿತು ಎಂದು ಸಾಕ್ಷಿ ಹೇಳಿಸುತ್ತಿತ್ತು. ಅದೇ ಜಾಗದಲ್ಲಿ ಕೆಮ್ಮಿನ ಬದಲು ಬರೀ ಮೌನ ಇಟ್ಟರೆ ಮಾತ್ರ ಎಲ್ಲರೂ ಥಟ್ಟನೆ ತಲೆ ಎತ್ತುತ್ತಿದ್ದರು. ‘ಇಲ್ಲಿ ಏನೋ ತೂತು ಬಿದ್ದಿದೆಯಲ್ಲ ಮೇಡಂ?’ ಅಷ್ಟು ವಾಕ್ಯಗಳಲ್ಲೂ ದನಿ ಮೇಷ್ಟ್ರದು, ಕೆಮ್ಮು ಅವಳದು. ಮೊದಲ ದಿನ ಬೇರೆ ಯಾರೂ ಇರಲಿಲ್ಲವೆಂದು ಅವಳೇ ಮೈಕಿನ ಮುಂದೆ ನಿಂತು ಕೆಮ್ಮಿದ್ದಳು. ಒಂದು ಗಟ್ಟಿ, ಅದರ ಬಾಲಕ್ಕೆ ಅಂಟಿಕೊಂಡ ಹಾಗೆ ಇನ್ನೊಂದು ಮೆತ್ತನೆಯದು.

‘ನೋಡು, ನಿನಗೆ ಹೇಳ್ತೀನಿ’ ಎಂದು ಅವಳು ತಂಗಿಗೆ ಪಾಠ ಮಾಡುವ ದನಿ ತೆಗೆದಳು. ‘ಕೆಮ್ಮಿನ ಅಡಿ ಒಂದು ಅಕ್ಷರ ಸಿಕ್ಕಿಹಾಕಿಕೊಂಡ್ರೆ ಕೇಳುವವರು ತಮಗೆ ಬೇಕಾದ್ದನ್ನ ಕೇಳ್ತಾರೆ. ನಿನಗೆ ಅವರ ಮೇಲೆ ಸಿಟ್ಟು. ಅದಕ್ಕೇ ನೀನು ‘ವು’ ತೆಗೆದು ಹಾಕಿದೆ.’

‘ಇಲ್ಲದ್ದನ್ನ ಹೆಂಗೆ ತೆಗೆಯೋದು?’ ಎಂದಳು ತಂಗಿ. ‘ಅಲ್ಲ, ನಿನ್ನ ಲೆಕ್ಕದಲ್ಲೇ ನೋಡೋಣ. ನಾನು ತೆಗೆದೆ ಅಂತೀಯ. ನೀನು ಹಾಕಿಕೊಂಡಿರಬಾರದಾ?’

ತಂಗಿ ಬ್ಯಾಗು ಹೆಗಲಿಗೇರಿಸಿದಳು. ‘ನಿನ್ನ ಕಿವಿಯನ್ನ ಆ ಮನುಷ್ಯನ ಹತ್ರ ಅಡ ಇಟ್ಟುಬಿಟ್ಟಿದೀಯ ಅಕ್ಕ. ಕಟ್ಟಿಕೊಂಡ ಗಂಡನಿಗೂ ಯಾರೂ ಇಷ್ಟು ಸೋಲಲ್ಲ. ನನಗೆ ಮಧ್ಯಾಹ್ನದ ಕ್ಲಾಸಾದ್ರೂ ಸಿಗುತ್ತೆ, ಬರ್ತೀನಿ.’ ಹೋಗುತ್ತ ಹೋಗುತ್ತ ತಿರುಗಿ ಬಂದು, ಅಕ್ಕನ ಭುಜದ ಮೇಲಿದ್ದ ಯಾವುದೋ ನೂಲಿನ ಎಳೆಯನ್ನು ತೆಗೆದು ಹಾಕಿ, ಮತ್ತೆ ಸಿಟ್ಟಿನಿಂದಲೇ ಹೊರಟುಹೋದಳು.

ನೆಲಮಾಳಿಗೆಗೆ ಇಳಿಯುವ ಮೆಟ್ಟಿಲಿನಲ್ಲಿ ಕಛೇರಿಯ ಗುಮಾಸ್ತ ಎದುರಾದ. ಭಾಷಣದ ಧ್ವನಿಮುದ್ರಣವನ್ನು ಅವಳ ಕಂಪ್ಯೂಟರಿಗೇ ಹಾಕಿದ್ದೇನೆ ಎಂದ. ‘ಸಂಜೆಯೊಳಗೆ ಎಲ್ಲರಿಗೂ ಕಳಿಸಬೇಕಂತೆ ಮೇಡಂ. ಆ ಕೆಮ್ಮು ಗಿಮ್ಮು, ಕುರ್ಚಿ ಎಳೆದ ಸದ್ದು, ಎಲ್ಲಾ ತೆಗೆದು ಕ್ಲೀನ್ ಮಾಡಿಕೊಟ್ಟುಬಿಡಿ. ನಿಮ್ಮನ್ನ ಬಿಟ್ರೆ ಇದೆಲ್ಲ ಯಾರಿಗೆ ಬರುತ್ತೆ?’ ಹೊಗಳಿಕೆಯೋ ಚಾಕರಿಯೋ ತಿಳಿಯದ ಆ ಮಾತಿಗೆ ಅವಳು ಎಂದಿನಂತೆ ಆಯ್ತಪ್ಪ ಎಂದಳು. ಎಲ್ಲಕ್ಕೂ ಆಯ್ತಪ್ಪ. ಬೇರೆ ಊರಿನ ದೊಡ್ಡ ಸಂಸ್ಥೆಯಿಂದ ಕರೆ ಬಂದಾಗ, ಅಲ್ಲಿ ಸ್ವಂತ ಪ್ರಯೋಗಾಲಯ ಕೊಡುತ್ತೇವೆ ಎಂದಾಗ, ಇದೇ ಮೆಟ್ಟಿಲಿನಲ್ಲಿ ಮೇಷ್ಟ್ರು ಅವಳನ್ನು ತಡೆದು ‘ಹೋಗ್ತೀಯಾ? ಹೋಗು, ತಡೆಯಲ್ಲ. ಆದ್ರೆ ನಾವು ಶುರು ಮಾಡಿದ್ದನ್ನ ನಾವೇ ಮುಗಿಸ್ಬೇಕಲ್ವೇನಮ್ಮ’ ಎಂದಿದ್ದರು. ಅದಕ್ಕೂ ಅವಳು ಆಯ್ತು ಸರ್ ಎಂದಿದ್ದಳು. ನಾವು, ನಾವು. ಆ ಎರಡಕ್ಷರಕ್ಕೆ ಅವಳು ಬಿದ್ದಷ್ಟು ಬೇರೆ ಯಾವುದಕ್ಕೂ ಬಿದ್ದವಳಲ್ಲ.

ಮೊದಲ ‘ನಾವು’ ಹುಟ್ಟಿದ್ದು ಅವಳ ಒಂದು ತಪ್ಪಿನಿಂದ. ಪದದ ನಡುವೆ ಕೂರಿಸಬೇಕಾದ ಕೆಮ್ಮನ್ನು ಒಂದು ದಿನ, ನಿದ್ದೆಗಣ್ಣೋ ಏನೋ, ಪದದ ಕೊನೆಗೆ ಕೂರಿಸಿಬಿಟ್ಟಿದ್ದಳು. ಬಂದೆವು, ಕೂತೆವು, ನಕ್ಕೆವು. ಎಲ್ಲದರ ಕೊನೆಯ ‘ವು’ ಹೋಗಿ ಅಲ್ಲಿ ಕೆಮ್ಮು. ‘ಇದೇನು ಮಾಡಿಟ್ಟಿದೀಯ? ವು ಇಲ್ಲದಿದ್ರೂ ಬಂದೆ, ಕೂತೆ ಅಂತ ಪದ ಪೂರ್ತಿಯಾಗೇ ಇರುತ್ತಲ್ಲ, ಜನ ಏನನ್ನ ತುಂಬ್ತಾರೆ? ಒಂದು ತಿಂಗಳ ಕೆಲಸ ನೀರಿಗೆ ಹಾಕಿದೆ’ ಎಂದು ಮೇಷ್ಟ್ರು ಎಲ್ಲರೆದುರು ಕೂಗಾಡಿದ್ದರು. ಅವಳು ಅತ್ತುಕೊಂಡು, ಆದರೂ ಬಿಸಾಡಲು ಮನಸ್ಸಾಗದೆ, ಕೇಳಿದವರ ಉತ್ತರಗಳನ್ನು ಒಂದೊಂದಾಗಿ ನೋಡಿದಳು. ಕೆಲವರಿಗೆ ಬಂದೆ ಎಂದು ಕೇಳಿಸಿತ್ತು, ಕೆಲವರಿಗೆ ಬಂದೆವು ಎಂದು. ಧ್ವನಿ ಒಂದೇ, ಕೆಮ್ಮು ಒಂದೇ. ಮಾತಾಡುವವನ ಜೊತೆಗೆ ಇನ್ನೊಬ್ಬರು ಇದ್ದಾರೆ ಎಂದು ಮೊದಲೇ ನಂಬಿದವರಿಗೆಲ್ಲ ‘ವು’ ಕೇಳಿಸಿತ್ತು. ಅಷ್ಟೇ ಅಲ್ಲ, ಅವರ ಮಿದುಳಿನ ಅಲೆ ಕೆಮ್ಮು ಮುಗಿಯುವುದಕ್ಕೆ ಮೊದಲೇ ಎದ್ದು ನಿಂತಿತ್ತು. ಕಿವಿ ತೀರ್ಮಾನಿಸುವ ಮೊದಲೇ ನಂಬಿಕೆ ತೀರ್ಮಾನಿಸಿಬಿಟ್ಟಿತ್ತು. ಅವಳು ಆ ಗೆರೆಗಳನ್ನು ತೋರಿಸಿದಾಗ ಮೇಷ್ಟ್ರು ಕುರ್ಚಿ ಎಳೆದುಕೊಂಡು ಪರದೆಗೆ ಬಾಗಿದರು. ಆಮೇಲೆ ತಾವೇ ಹೋಗಿ ಎರಡು ಲೋಟ ಚಹಾ ತಂದು, ಒಂದನ್ನು ಅವಳ ಮುಂದಿಟ್ಟು ಹೇಳಿದ್ದರು: ‘ನಾವು ಏನೋ ಕಂಡ್ಕೊಂಡಿದೀವಿ ಕಣಮ್ಮ.’ ಅವತ್ತು ಅವಳಿಗೆ ಆದ ಖುಷಿಯನ್ನು ಯಾರ ಹತ್ತಿರವೂ ಹೇಳಿಕೊಂಡಿಲ್ಲ. ಆ ಲೋಟದ ಅಂಚು ಒಡೆದಿತ್ತು, ತುಟಿಗೆ ಚುಚ್ಚಿತ್ತು, ಅದೂ ನೆನಪಿದೆ.

ಕೋಣೆಯೊಳಗೆ ಬಂದು ದೀಪ ಹಾಕಿದಳು. ಗೋಡೆಗೆಲ್ಲ ಸದ್ದು ಹೀರುವ ಬೂದು ಬಣ್ಣದ ಸ್ಪಂಜು. ಬಾಗಿಲು ಮುಚ್ಚಿದರೆ ತನ್ನ ಉಸಿರು ತನಗೇ ಕೇಳಿಸುವಷ್ಟು ನಿಶ್ಶಬ್ದ. ಕಿವಿಗೆ ಹೆಡ್‌ಫೋನು ಹಾಕಿಕೊಂಡು, ಇದೆಲ್ಲ ತಂಗಿಯ ತಲೆಹರಟೆ, ಕೆಮ್ಮು ತೆಗೆದು ಕೊಟ್ಟು ಮನೆಗೆ ಹೋಗಿ ಕಾಲು ಚಾಚಿ ಮಲಗಬೇಕು ಎಂದುಕೊಳ್ಳುತ್ತ ಆ ಜಾಗ ಹುಡುಕಿ ಹಾಕಿದಳು. ‘ಪುಟ್ಟ ಕೋಣೆಯಲ್ಲಿ ಕಂಡುಕೊಂಡೆವು.’ ನೋಡಿದೆಯಾ, ‘ವು’ ಇದೆ. ಇನ್ನೊಮ್ಮೆ ಹಾಕಿದಳು. ಇದೆ. ಎಷ್ಟು ಸ್ಪಷ್ಟವಾಗಿ ಇದೆ! ತುಟಿ ಮುಂದೆ ಮಾಡಿ ಹೇಳುವ ಅವರ ಆ ದುಂಡನೆಯ ‘ವು’. ತಂಗಿಗೆ ಫೋನು ಮಾಡಿ ಕೇಳಿಸಿಬಿಡಲೇ ಎಂದು ಕೈ ಹೋಯಿತು. ಆಮೇಲೆ ಕಣ್ಣು ಪರದೆಯ ಕಡೆ ಹೊರಳಿತು.

ಪರದೆಯ ಮೇಲೆ ಮಾತು ಚಿತ್ರವಾಗಿ ಬಿದ್ದಿರುತ್ತದೆ. ದನಿ ಇದ್ದಲ್ಲಿ ಕಪ್ಪು ಪಟ್ಟಿಗಳು, ಕೆಮ್ಮಿದಲ್ಲಿ ಮಸಿ ಎರಚಿದಂಥ ಕಲೆ, ಎರಡೂ ಸದ್ದು ಕೂಡಿದ್ದರೆ ಮಸಿಯ ಒಳಗಿನಿಂದ ಪಟ್ಟಿ ಇಣುಕುತ್ತದೆ. ಇಷ್ಟು ವರ್ಷ ಇದನ್ನೇ ಓದಿ ಕಣ್ಣು ಸವೆಸಿಕೊಂಡವಳು ಅವಳು, ಬೇರೆಯವರು ಪತ್ರಿಕೆ ಓದುವಷ್ಟು ಸಲೀಸಾಗಿ ಓದುತ್ತಾಳೆ. ಕಂ, ಡು, ಕೊಂ, ಡೆ. ‘ಡೆ’ ಮುಗಿದಿತ್ತು. ಕೆಮ್ಮು ಬಂದು ಕತ್ತರಿಸಿದ್ದಲ್ಲ, ತಾನಾಗಿಯೇ, ನಿಧಾನವಾಗಿ, ವಾಕ್ಯ ಮುಗಿಸುವವರು ದನಿ ಇಳಿಸುವ ಹಾಗೆ ಇಳಿದು ಮುಗಿದಿತ್ತು. ಅದರ ನಂತರ ಸಣ್ಣದೊಂದು ಉಸಿರು. ಅದರ ನಂತರ ಕೆಮ್ಮು. ಮಸಿಯ ಒಳಗೆ ಒಂದು ಗೆರೆಯೂ ಇರಲಿಲ್ಲ. ಅವಳು ಹಿಗ್ಗಿಸಿ ನೋಡಿದಳು, ಕುಗ್ಗಿಸಿ ನೋಡಿದಳು, ಕನ್ನಡಕ ಒರೆಸಿಕೊಂಡು ನೋಡಿದಳು. ಕಣ್ಣು ಇಲ್ಲ ಎನ್ನುತ್ತಿತ್ತು, ಮತ್ತೆ ಹಾಕಿದರೆ ಕಿವಿ ಈಗಲೂ ಇದೆ ಎನ್ನುತ್ತಿತ್ತು. ಎಂಥ ನಾಚಿಕೆಗೆಟ್ಟ ಕಿವಿ ಎಂದುಕೊಂಡಳು. ಇಡೀ ಲೋಕಕ್ಕೆ ನಿಮ್ಮ ಕಿವಿಯನ್ನು ನಂಬಬೇಡಿ ಎಂದು ಲೇಖನ ಬರೆದವಳ ಕಿವಿ ಇದು.

ಇರಲಿ, ಮನುಷ್ಯನಿಗೆ ಕೆಮ್ಮು ಬರಬಾರದೇ? ಹೇಳುವುದರೊಳಗೆ ಕೆಮ್ಮು ಬಂತು, ‘ವು’ ಒಳಗೇ ಉಳಿಯಿತು. ಆಗಲೂ ಅವಳು ಅವರ ಪರವಾಗಿಯೇ ವಾದಿಸುತ್ತಿದ್ದಳು. ಆದರೆ ಕೈ ಸುಮ್ಮನಿರದೆ ಹಳೆಯ ಭಾಷಣಗಳನ್ನು ತೆರೆಯಿತು. ಹೊರದೇಶದ ಕನ್ನಡಿಗರ ಸಮ್ಮೇಳನದಲ್ಲಿ ಮಾಡಿದ್ದು, ವಿಭಾಗದ ವಾರ್ಷಿಕೋತ್ಸವದ್ದು, ರೇಡಿಯೊದ್ದು. ಎಲ್ಲವನ್ನೂ ಸರಿಮಾಡಿ ಕೊಟ್ಟವಳು ಅವಳೇ, ಮೇಷ್ಟ್ರು ಇರಲಿ ಬಿಡು ಎಂದದ್ದಕ್ಕೆ ಕೆಮ್ಮನ್ನು ಮಾತ್ರ ಹಾಗೇ ಬಿಟ್ಟು. ಎಲ್ಲದರಲ್ಲೂ ಆ ನೆಲಮಾಳಿಗೆಯ ಕೋಣೆಯ ಮಾತು ಬರುತ್ತಿತ್ತು. ‘ಮಾಡಿದೆ’, ಕೆಮ್ಮು. ‘ತೋರಿಸಿದೆ’, ಕೆಮ್ಮು. ‘ಕಂಡುಕೊಂಡೆ’, ಕೆಮ್ಮು. ಬೇರೆಲ್ಲೂ ಇಲ್ಲ, ಅಲ್ಲಿ ಮಾತ್ರ. ಗಂಟೆಗಟ್ಟಲೆ ನೀರೂ ಕುಡಿಯದೆ ಮಾತಾಡುವ ಗಟ್ಟಿ ಗಂಟಲು, ಸರಿಯಾಗಿ ಆ ಅಕ್ಷರ ಬರಬೇಕಾದ ಹೊತ್ತಿಗೆ ಕಟ್ಟಿಕೊಳ್ಳುತ್ತಿತ್ತು. ಆಹಾ, ಎಂಥ ಏರ್ಪಾಡು! ಅವಳ ಹಾಗೆ ಅವರ ಮಾತು ನಂಬಿ ಕೂತವರಿಗೆ ‘ವು’ ಕೇಳಿಸುತ್ತದೆ, ಮೇಷ್ಟ್ರೊಬ್ಬರೇ ಮಹಾನುಭಾವರು ಎಂದುಕೊಂಡವರಿಗೆ ‘ಕಂಡುಕೊಂಡೆ’ ಎಂದೇ ಕೇಳಿಸುತ್ತದೆ, ಸುಳ್ಳು ಹೇಳಿದರು ಎನ್ನುವ ಹಾಗಿಲ್ಲ, ನಿಜ ಹೇಳಿದರು ಎನ್ನುವ ಹಾಗೂ ಇಲ್ಲ. ಇದು ಹೀಗೆ ಆಗುತ್ತದೆ ಎಂದು ಈ ಭೂಮಿಯ ಮೇಲೆ ಚೆನ್ನಾಗಿ ಗೊತ್ತಿದ್ದವರು ಇಬ್ಬರೇ. ಒಬ್ಬರು ಅದನ್ನು ಇನ್ನೊಬ್ಬರ ಮೇಲೆ ಪ್ರಯೋಗ ಮಾಡಿದರು.

ಕಣ್ಣು ಮುಚ್ಚಿ ಆ ಕೆಮ್ಮನ್ನು ಮಾತ್ರ ಹಾಕಿ ಕೇಳಿದಳು. ಒಂದು ಗಟ್ಟಿ, ಅದರ ಬಾಲಕ್ಕೆ ಅಂಟಿಕೊಂಡ ಹಾಗೆ ಇನ್ನೊಂದು ಮೆತ್ತನೆಯದು. ಇದು ಅವರ ಕೆಮ್ಮಲ್ಲ. ನೆಗಡಿಯಾದಾಗ ಮೇಷ್ಟ್ರು ಹೇಗೆ ಕೆಮ್ಮುತ್ತಾರೆಂದು ಅವಳಿಗೆ ಗೊತ್ತಿಲ್ಲವೇ, ಡಬ್ಬ ಉರುಳಿದ ಹಾಗೆ ಗಡಗಡ ಎನ್ನುತ್ತದೆ. ಇದು ಅವಳದು. ಮೊದಲ ದಿನ ಮೈಕಿನ ಮುಂದೆ ನಿಂತು ಅವಳು ಕೆಮ್ಮಿದ್ದು. ಸಾವಿರ ಸಲ ಕೇಳಿ ಕೇಳಿ ಅವರ ಗಂಟಲಿಗೆ ಇಳಿದುಹೋಗಿತ್ತು. ಅವಳಿಂದ ತೆಗೆದುಕೊಂಡದ್ದರಲ್ಲಿ ಇದೂ ಒಂದು ಎಂದು ಅವರಿಗೆ ತಿಳಿದಿತ್ತೋ ಇಲ್ಲವೋ. ಅವಳಿಗೆ ಅಳು ಬರಲಿಲ್ಲ, ಅವಮಾನವಾಯಿತು. ಯಾರೋ ತನ್ನ ಬಟ್ಟೆ ಹಾಕಿಕೊಂಡು ಬೀದಿಯಲ್ಲಿ ಹೋಗುತ್ತಿರುವುದನ್ನು ಕಿಟಕಿಯಿಂದ ನೋಡಿದ ಹಾಗಾಯಿತು.

ಹಳೆಯ ಪ್ರಯೋಗದ ಧ್ವನಿಗಳು ಅಲ್ಲೇ ಇದ್ದವು. ಬಂದೆವು, ಕೂತೆವು, ನಕ್ಕೆವು, ಉಂಡೆವು. ಕತ್ತರಿಸುವ ಮೊದಲಿನವು, ಬಾಲ ಸಮೇತ, ಎಲ್ಲವೂ ಮೇಷ್ಟ್ರ ದನಿಯಲ್ಲೇ. ‘ನಕ್ಕೆವು’ ಎಂಬುದರಿಂದ ಒಂದು ‘ವು’ ತೆಗೆದಳು. ದನಿಯ ಏರಿಳಿತ ಸರಿಮಾಡಿ, ಸ್ವಲ್ಪ ವಯಸ್ಸು ಕೂಡಿಸಿ, ಕೆಮ್ಮಿನ ಜಾಗದಲ್ಲಿ ಕೂರಿಸಿದಳು. ಕಂಡುಕೊಂಡೆವು. ಎಷ್ಟು ಚೆನ್ನಾಗಿ ಕೂತಿತು! ದೇವರು ಬಂದು ಕೇಳಿದರೂ ಹೊಲಿಗೆ ಕಾಣದು. ಸಂಜೆ ಇದು ಎಲ್ಲರಿಗೂ ಹೋಗುತ್ತದೆ. ತಂಗಿ ಕೇಳುತ್ತಾಳೆ, ಹುಡುಗಿಯರು ಕೇಳುತ್ತಾರೆ, ಮೇಷ್ಟ್ರೂ ಕೇಳುತ್ತಾರೆ, ಕೇಳಿ ನಾನು ಹೀಗೆ ಹೇಳಲಿಲ್ಲ ಎಂದು ಯಾರ ಮುಂದೆ ಬಾಯಿ ಬಿಡುತ್ತಾರೆ? ನ್ಯಾಯವಾಗಿ ತನಗೆ ಬರಬೇಕಾದದ್ದೇ. ಅವಳು ಅದನ್ನು ಮತ್ತೆ ಮತ್ತೆ ಹಾಕಿ ಕೇಳಿದಳು. ಕೇಳುತ್ತ ಕೇಳುತ್ತ ಬಾಯೊಳಗೆ ಕಹಿಯಾಯಿತು. ಇದರಲ್ಲಿ ಹೊಸದೇನು? ಇದನ್ನೇ ತಾನೇ ಇಷ್ಟು ವರ್ಷ ಮಾಡುತ್ತ ಬಂದದ್ದು? ಅವರು ಬಾಯಿ ಬಿಡದ ಕಡೆಯಲ್ಲೆಲ್ಲ ತನ್ನ ಹತ್ತಿರದಿಂದ ಒಂದು ‘ವು’ ತೆಗೆದು ಹಾಕಿಕೊಂಡು, ಅವರೇ ಕೊಟ್ಟರೆಂದು ಕಣ್ಣು ತುಂಬಿಕೊಂಡದ್ದು? ಇನ್ನು ಸಾಕು. ‘ವು’ ಅಳಿಸಿದಳು.

ಆ ಜಾಗದಲ್ಲಿ ಕೆಮ್ಮನ್ನೂ ವಾಪಸು ಇಡಲಿಲ್ಲ. ಬರೀ ಮೌನ ಬಿಟ್ಟಳು. ಕೇಳಿದವರು ತಲೆ ಎತ್ತಲಿ, ಇಲ್ಲಿ ತೂತು ಬಿದ್ದಿದೆಯಲ್ಲ ಎಂದು ಒಬ್ಬರಾದರೂ ಕೇಳಲಿ, ಆ ತೂತೇ ತನ್ನ ಹೆಸರು. ಹೆಡ್‌ಫೋನು ಸರಿಮಾಡಿಕೊಂಡು ಹಾಕಿದಳು. ‘ಇದನ್ನು ಇದೇ ಕಟ್ಟಡದ ನೆಲಮಾಳಿಗೆಯ ಒಂದು ಪುಟ್ಟ ಕೋಣೆಯಲ್ಲಿ ಕಂಡುಕೊಂಡೆ.’ ತೂತು ಇರಲಿಲ್ಲ. ವಾಕ್ಯ ಚೆನ್ನಾಗಿ ಮುಗಿದಿತ್ತು. ಯಾರೂ ತಲೆ ಎತ್ತುವುದಿಲ್ಲ, ಯಾರೂ ಏನನ್ನೂ ಹುಡುಕುವುದಿಲ್ಲ. ಆ ತಪ್ಪಿನ ದಿನವೇ ಬೈಯುತ್ತ ಮೇಷ್ಟ್ರು ಹೇಳಿದ್ದರಲ್ಲ, ವು ಇಲ್ಲದಿದ್ದರೂ ಪದ ಪೂರ್ತಿಯಾಗಿಯೇ ಇರುತ್ತದೆ ಎಂದು. ಅವಳು ಇಲ್ಲದೆಯೂ ಅದು ಪೂರ್ತಿಯಾಗಿತ್ತು. ಅವಳು ಕೂತಲ್ಲೇ ಕೂತಳು. ಸ್ಪಂಜಿನ ಗೋಡೆಗಳು ಅವಳ ಉಸಿರನ್ನು ಹೀರಿಕೊಳ್ಳುತ್ತಿದ್ದವು.

ಮೇಜಿನ ಮೇಲಿನ ಫೋನು ಹೊಡೆದುಕೊಂಡಿತು. ಮೇಷ್ಟ್ರು.

‘ಏನಮ್ಮ, ಹೇಗಿತ್ತು?’ ಹಿಂದೆ ಜನರ ನಗು, ತಟ್ಟೆಗಳ ಸದ್ದು. ಗಣ್ಯರ ಊಟ ನಡೆಯುತ್ತಿತ್ತು.

‘ಚೆನ್ನಾಗಿತ್ತು ಸರ್.’

‘ಹೇಳಿದೆ ನೋಡು, ನಿನಗೆ ಮಾತು ಕೊಟ್ಟ ಹಾಗೆ.’

ಇಂಥ ಕಡೆಯಲ್ಲಿ ‘ಹೌದು ಸರ್’ ಎನ್ನುವುದು ಅವಳ ಅಭ್ಯಾಸ. ಅದಕ್ಕಾಗಿ ಕಾದಿದ್ದು ಅವರೇ ಮುಂದುವರಿದರು. ‘ಗುಮಾಸ್ತ ಹೇಳ್ದ, ನೀನೇ ಸರಿಮಾಡ್ತಿದೀಯ ಅಂತ. ಅದಕ್ಕೇ ಫೋನ್ ಮಾಡ್ದೆ. ಜಾಸ್ತಿ ಏನೂ ಮಾಡೋಕೆ ಹೋಗ್ಬೇಡ. ಆ ಕೆಮ್ಮು ಗಿಮ್ಮು ಎಲ್ಲ ಹಾಗೇ ಇರ್ಲಿ. ಮನುಷ್ಯ ಮಾತಾಡಿದ ಹಾಗಿರುತ್ತೆ.’

‘ತೆಗೆದುಬಿಟ್ಟೆ ಸರ್.’

‘ತೆಗೆದ್ಯಾ?’ ಅವರು ಎದ್ದು ಹೊರಗೆ ಬಂದಿರಬೇಕು, ತಟ್ಟೆಗಳ ಸದ್ದು ಹಿಂದಾಯಿತು. ‘ಎಲ್ಲಾನೂನಾ?’

‘ಇದ್ದದ್ದೇ ಒಂದು ಸರ್.’

ಫೋನಿನಲ್ಲಿ ಅವರ ಉಸಿರು ಕೇಳಿಸುತ್ತಿತ್ತು. ಲೆಕ್ಕ ಹಾಕುವವರ ಉಸಿರು. ಅದು ಅವಳಿಗೆ ಗೊತ್ತು.

‘ತೆಗೆದ್ರೆ ಅಲ್ಲಿ...’ ಎಂದರು ಮೆಲ್ಲಗೆ. ‘ಅಲ್ಲಿ ಏನು ಕೇಳಿಸುತ್ತಮ್ಮ?’

‘ನೀವು ಹೇಳಿದ್ದು ಸರ್.’

ಆ ಕಡೆಯಿಂದ ಒಂದು ಕೆಮ್ಮು ಬಂತು. ಒಂದು ಗಟ್ಟಿ, ಅದರ ಬಾಲಕ್ಕೆ ಒಂದು ಮೆತ್ತನೆಯದು. ಅವಳಿಗೆ ಬರೀ ಕೆಮ್ಮು ಕೇಳಿಸಿತು.